ಪದವಿಯ ಆಚೆಗಿನ ಅರ್ಹತೆ

1915ರಲ್ಲಿ ಮಸ್ಕಿಯ ಬಂಡೆಯೊಂದರ ಮೇಲಿನ ಬರಹ ಸಿ. ಬೀಡನ್ ಎಂಬವರ ಕಣ್ಣಿಗೆ ಬಿತ್ತು. ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಬೀಡನ್ ಶಾಸನತಜ್ಞರಲ್ಲ, ಚಿನ್ನದ ಗಣಿಯ ಎಂಜಿನಿಯರ್. ಆದರೆ ನೋಡುವ ಕಣ್ಣಿತ್ತು.

ಸಿಂಧನೂರಿನ ಸುತ್ತಮುತ್ತ ತುಂಗಭದ್ರೆ ಎಡದಂಡೆಯ ನೀರುಂಡ ಭತ್ತ ಅಕ್ಕಿ ಗಿರಣಿಗೆ ಬರುತ್ತದೆ. ಒಂದೆರಡು ಕಾಳು ಬಾಯಿಗೆ ಹಾಕಿ ಕಟಕ್ಕೆಂದು ಕಡಿದು, ಇನ್ನೊಂದು ಬಿಸಿಲು ಬೇಕು ಎನ್ನುವ, ಅಂಥದೇ ಕಣ್ಣಿರುವ ರೈತನ ಮಗಳು ಇಲ್ಲಿದ್ದಾಳೆ. ‘ಡಿಗ್ರಿ ಕಡ್ಡಾಯ, ಮೂರು ವರ್ಷದ ಅನುಭವ’ ಎಂಬ ಬೋರ್ಡು ಪಿಯುಸಿ ಓದಿದ ಅವಳನ್ನು ಗೇಟಿನಲ್ಲೇ ತಡೆಯುತ್ತದೆ. ಗಿರಣಿಯ ಕಂಪ್ಯೂಟರ್ ಲೆಕ್ಕವನ್ನು ಕೆಲವೇ ತಿಂಗಳಲ್ಲಿ ಕಲಿಸಬಹುದು. ಭತ್ತದ ಆ ಅರಿವು ಬರಲು ವರ್ಷಗಳೇ ಬೇಕು.

ಎಲ್ಲ ನಿಯಮವನ್ನೂ ಸಡಿಲಿಸಲಾಗದು, ನಿಜ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಸಿಡಿಮದ್ದು ಇಡುವವರಿಗೆ ಪ್ರಮಾಣಪತ್ರ ಬೇಕೇ ಬೇಕು. ಅದು ಜೀವದ ಪ್ರಶ್ನೆ.

ಆಳು ಬೇಕೆಂದು ಬೋರ್ಡು ಬರೆಯುವ ಮುನ್ನ ಎರಡು ಪಟ್ಟಿ ಮಾಡಿ: ಬರುವಾಗಲೇ ಇರಬೇಕಾದದ್ದು, ಬಂದ ಮೇಲೆ ಕಲಿಸಬಹುದಾದದ್ದು. ಎರಡನೆಯ ಪಟ್ಟಿಗಾಗಿ ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸಬೇಡಿ.