ವಿಮೆಯ ಹಣ ಕೈತಪ್ಪದಿರಬೇಕಾದರೆ

ಹಸುವಿಗೋ ಎಮ್ಮೆಗೋ ವಿಮೆ ಮಾಡಿಸಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಡಾಕ್ಟರು ಬಂದು ಕಿವಿಗೆ ಓಲೆ ಹಾಕಿ ಹೋದರೆಂದರೆ ಆ ಓಲೆಯನ್ನು ಎಷ್ಟು ಜೋಪಾನ ಮಾಡುತ್ತೀರಿ! ಬೇಲಿಗೆ ಸಿಕ್ಕಿ ಕಿತ್ತುಹೋದರೆ ಮಾರನೆಯ ದಿನವೇ ಪಶು ಆಸ್ಪತ್ರೆಗೆ ಓಡುತ್ತೀರಿ. ಓಲೆಯಿಲ್ಲದ ದನ ಸತ್ತರೆ ಹಣ ಬರುವುದಿಲ್ಲವೆಂಬುದು ದನ ಕಾಯುವ ಹುಡುಗನಿಗೂ ಗೊತ್ತು. ಆದರೆ ಮನೆಯ ಯಜಮಾನನಿಗೇ ಆರೋಗ್ಯ ವಿಮೆ ಮಾಡಿಸಿದಾಗ ಅದರ ಓಲೆ ಯಾವುದು? ಇದನ್ನು ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ.

ನಮ್ಮ ತಂದೆಯವರಿಗೆ ಒಂದು ಖಾಸಗಿ ಕಂಪೆನಿಯ ಪಾಲಿಸಿ ಮಾಡಿಸಿದೆವು. ಏಜೆಂಟರು ನಮ್ಮ ಜಗುಲಿಯ ಮೇಲೆ ಕುಳಿತೇ ಅರ್ಜಿ ತುಂಬಿದರು. "ಬಿಪಿ, ಸಕ್ಕರೆ ಕಾಯಿಲೆ ಏನಾದರೂ ಉಂಟೇ?" ಎಂದರು. "ಬಿಪಿಗೆ ದಿನಾ ಒಂದು ಗುಳಿಗೆ ತಗೋತೀನಪ್ಪ" ಎಂದರು ತಂದೆ. "ಅದೊಂದು ಕಾಯಿಲೆಯೇ ಯಜಮಾನರೇ, ಬಿಡಿ" ಎಂದು "ಇಲ್ಲ" ಎಂಬಲ್ಲಿ ಗುರುತು ಹಾಕಿಬಿಟ್ಟರು. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ. ತಂದೆ ರುಜು ಮಾಡಿದರು.

ಎರಡನೆಯ ವರ್ಷ ಎದೆನೋವು ಬಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಬೇಕಾಯಿತು. ಬಿಪಿ ಎಷ್ಟು ವರ್ಷದಿಂದ ಇದೆಯೆಂದು ಆಸ್ಪತ್ರೆಯಲ್ಲಿ ಕೇಳಿದರು. "ಇದೆ, ಒಂದೈದು ವರ್ಷದಿಂದ" ಎಂದೆವು, ಹಾಗೆಯೇ ಬರೆದುಕೊಂಡರು. ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ, ಹಣ ಕೊಡಲಾಗುವುದಿಲ್ಲ ಎಂದು ಕಂಪೆನಿಯಿಂದ ಪತ್ರ ಬಂತು. ತಾಯಿಯ ಒಡವೆ ಅಡವಿಟ್ಟು ಆಸ್ಪತ್ರೆಗೆ ಕಟ್ಟಿದೆವು. ಆ ಪತ್ರವನ್ನು ಗೋಡೆಯ ಪಂಚಾಂಗದ ಹಿಂದೆ ಸಿಕ್ಕಿಸಿದ್ದು, ಅಲ್ಲೇ ಉಳಿಯಿತು. ಏಜೆಂಟರನ್ನು ಬೈಯುವುದು ಸುಲಭ. ಓದದೆ ರುಜು ಮಾಡಿದವರು ನಾವು.

ಆದುದರಿಂದ ಅರ್ಜಿಯಲ್ಲಿ ಬರೆಯುವ ನಿಜವೇ ಈ ವಿಮೆಯ ಓಲೆ. ಬಿಪಿ ಇದೆಯೆಂದು ಬರೆಸಿದರೆ ಪಾಲಿಸಿಯೇ ಸಿಗುವುದಿಲ್ಲವೆಂಬ ಹೆದರಿಕೆ ಬೇಡ. ಕಂತು ಸ್ವಲ್ಪ ಹೆಚ್ಚಾಗಬಹುದು. ಆ ಕಾಯಿಲೆಯ ಮಟ್ಟಿಗೆ ಕೆಲವು ಕಾಲ ಕಾಯಬೇಕಾಗಬಹುದು. ಹೀಗೆ ಕಾಯಿಸುವ ಅವಧಿ ಮೂರು ವರ್ಷ ಮೀರಕೂಡದೆಂದು 2024ರಲ್ಲಿ ನಿಯಮವಾಗಿದೆ. ಐದು ವರ್ಷ ತಪ್ಪದೆ ನವೀಕರಿಸಿದ ಪಾಲಿಸಿಯಲ್ಲಿ, ಮೋಸವೆಂದು ರುಜುವಾತಾದ ಹೊರತು, ಹಳೆಯ ಕಾಯಿಲೆ ಹೇಳಲಿಲ್ಲವೆಂಬ ನೆವ ನಡೆಯುವುದಿಲ್ಲ. ಕಂತಿನ ದಿನ ಮರೆತು ಪಾಲಿಸಿ ಮುರಿದುಹೋದರೆ ಎಣಿಕೆ ಮತ್ತೆ ಮೊದಲಿನಿಂದ.

ಆಸ್ಪತ್ರೆಯಲ್ಲಿಯೂ ಮಾತು ಖಚಿತವಾಗಿರಲಿ. "ಬಾಳ ವರ್ಷದಿಂದ ಐತೆ ಸ್ವಾಮಿ" ಎಂದು ಸುಮ್ಮನೆ ಅಂದುಬಿಡುವುದು ನಮ್ಮ ಅಭ್ಯಾಸ. ಅದೇ ಮಾತು ಕಾಗದಕ್ಕೆ ಏರಿ ನಿಮ್ಮ ಮೇಲೆ ತಿರುಗುತ್ತದೆ. ಮೊಟ್ಟಮೊದಲು ಬಿಪಿ ಕಂಡ ದಿನದ ಚೀಟಿಯಿದ್ದರೆ ಅದನ್ನೇ ತೋರಿಸಿ. ಪಹಣಿ ಇಡುವ ಟ್ರಂಕಿನಲ್ಲೇ ಆ ಚೀಟಿಗಳಿಗೂ ಜಾಗ ಮಾಡಿ.

ಸರ್ಕಾರದ ಯೋಜನೆಗಳ ರೀತಿ ಬೇರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಹಳೆಯ ಕಾಯಿಲೆಯೆಂದು ತಳ್ಳುವುದಿಲ್ಲ. ಇಲ್ಲಿ ಕೆಲಸ ಕೆಡುವುದು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದಾಗ. ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗತಕ್ಕದ್ದು. ಎದೆನೋವಿನಂಥ ತುರ್ತಿಗೆ ಈ ಕಟ್ಟಿಲ್ಲ. ಕಾಗದಕ್ಕಾಗಿ ರೋಗಿಯನ್ನು ಕೂರಿಸಬೇಡಿ. ಅಡಚಣೆಯಾದರೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಬಂದ ಯೋಜನೆ. ಅದರ ನೋಂದಣಿಗೆ ಗೊತ್ತಾದ ದಿನಗಳುಂಟು. ಕಾಯಿಲೆ ಬಿದ್ದ ಮೇಲೆ ಕಾರ್ಯದರ್ಶಿಗಳ ಮನೆಗೆ ಓಡಿದರೆ ಅವರು ಏನು ತಾನೇ ಮಾಡಿಯಾರು?

ಇಷ್ಟಾಗಿಯೂ ಕಂಪೆನಿ ಹಣ ನಿರಾಕರಿಸಿದರೆ ಸುಮ್ಮನೆ ಕೂರಬೇಡಿ. ಪಾಲಿಸಿಯ ಯಾವ ಷರತ್ತಿನ ಮೇಲೆ ನಿರಾಕರಿಸಿದರೆಂದು ಬರಹದಲ್ಲಿ ಕೇಳಿ. ಕಂಪೆನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಎಂಬ ಅಧಿಕಾರಿಗಳ ಕಚೇರಿಯಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಕಂಪೆನಿ ಇಲ್ಲವೆಂದ ಒಂದು ವರ್ಷದೊಳಗೆ ದೂರು ಸೇರಬೇಕು. ಪಂಚಾಂಗದ ಹಿಂದಿನ ಪತ್ರ ನನಗೆ ನೆನಪಾಗುವ ಹೊತ್ತಿಗೆ ಆ ವರ್ಷ ಮುಗಿದಿತ್ತು.

ಇನ್ನು ಆಸ್ಪತ್ರೆಯ ದಾರಿಯನ್ನೇ ಆದಷ್ಟು ದೂರವಿಡುವ ಮಾತು. ಬಿಪಿಗೆ ನೋವಿಲ್ಲ, ನೋಡಿಸದ ಹೊರತು ತಿಳಿಯುವುದಿಲ್ಲ. ಮೂವತ್ತು ದಾಟಿದವರಿಗೆಲ್ಲ ಬಿಪಿ, ಸಕ್ಕರೆಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆಯಾಗಿ ನೋಡುತ್ತಾರೆ. ಗುಳಿಗೆ ಕೊಟ್ಟರೆ, ಈಗ ಚೆನ್ನಾಗಿದ್ದೇನೆಂದು ನೀವೇ ನಿಲ್ಲಿಸಬೇಡಿ. ತಾಯಂದಿರೇ, ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕದಲ್ಲೇ ಸೇರಿತು. ಬೀಡಿ, ಹೊಗೆಸೊಪ್ಪು ಬಿಡಿ ಎಂದರೆ ಕೆಲವರಿಗೆ ಕೋಪ ಬರುತ್ತದೆ. ಬರಲಿ, ಹೇಳುವುದು ನನ್ನ ಕೆಲಸ. ಔಷಧಿ ಹೊಡೆಯುವಾಗ ಗಾಳಿಗೆ ಎದುರು ನಿಲ್ಲಬೇಡಿ. ಮೈಕೈ ಸೋಪು ಹಚ್ಚಿ ತೊಳೆಯದೆ ಊಟಕ್ಕೆ ಕೂರಬೇಡಿ. ಇದು ನನ್ನ ಇಲಾಖೆಯದೇ ಮಾತಾದ್ದರಿಂದ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ.

ತಂದೆಯವರು ಈಗ ತಿಂಗಳಿಗೊಮ್ಮೆ ಬಿಪಿ ನೋಡಿಸಿ, ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪುಸ್ತಕದಲ್ಲೇ ತಾರೀಖು ಸಮೇತ ಬರೆದಿಡುತ್ತಾರೆ. ಹೋದ ಸಲ ಅವರ ಯಶಸ್ವಿನಿ ಅರ್ಜಿಯನ್ನು ತುಂಬಲು ನಾನು ಕೈಚಾಚಿದೆ. ಅವರು ಕೊಡಲಿಲ್ಲ; ಕನ್ನಡಕ ಹಾಕಿಕೊಂಡು ತಾವೇ ಓದಿ ತುಂಬಿದರು.