ಒಂದು ಜಿಲ್ಲೆ, ನಾಲ್ಕು ತಾಲ್ಲೂಕು, ನಾಲ್ಕು ರೇಟು



ಇವತ್ತಿನ ಮಾತು ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ. ಮಧುಗಿರಿಯಿಂದ ನನ್ನ ಸೋದರಮಾವ ಫೋನ್ ಮಾಡಿದ್ರು. ಮೇಷ್ಟ್ರಾಗಿದ್ದು ರಿಟೈರ್ ಆದವರು. ರಿಟೈರ್ ಆದಾಗ ಬಂದ ಒಂದಿಷ್ಟು ದುಡ್ಡು ಬ್ಯಾಂಕಿನಲ್ಲಿದೆ. "ಅಲ್ಲ ಮಗಾ, ನೀನೇ ಟೀವಿಲಿ ಹೇಳ್ದಲ್ಲ, ಶಿರಾತಾವ ಏರ್‌ಪೋರ್ಟ್ ಬತ್ತೈತೆ ಅಂತ. ಅಲ್ಲೊಂದು ಥರ್ಟಿ ಫಾರ್ಟಿ ಸೈಟ್ ನೋಡಿವ್ನಿ. ನಾಳೆ ಅಡ್ವಾನ್ಸ್ ಕೊಡಬೇಕು. ತಗಳ್ಳಾ?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಯಾಕಂದ್ರೆ ನಾನು ಹಾಗೆ ಹೇಳಿರಲಿಲ್ಲ. ಹಾಗಂತ ಹೇಳಿಲ್ಲ ಅನ್ನೋಕೂ ಆಗಲ್ಲ. ಅವತ್ತು ಸ್ಕ್ರೀನ್ ಮೇಲೆ ದಪ್ಪ ಅಕ್ಷರದಲ್ಲಿ "ಶಿರಾಕ್ಕೆ ವಿಮಾನ ನಿಲ್ದಾಣ?" ಅಂತ ಇತ್ತು. ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ನಮ್ಮ ಚಾನೆಲ್‌ನ ಕಾಪಾಡುತ್ತೆ. ಮಾವನ ದುಡ್ಡನ್ನ ಕಾಪಾಡಲ್ಲ.

ವಿಷಯ ಏನು ಅಂದ್ರೆ, ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾ ಕಡೆ ಬರಲಿ ಅಂತ ತುಮಕೂರು ಜಿಲ್ಲೆಯ ಜನಪ್ರತಿನಿಧಿಗಳು ಒತ್ತಾಯಿಸಿದ್ದು ನಿಜ. ಆದರೆ 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿದ ಜಾಗ ಮೂರು. ಎರಡು ಕನಕಪುರ ರಸ್ತೆಯವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯದ್ದು. ಆ ಮೂರರಲ್ಲಿ ಶಿರಾ ಇರಲಿಲ್ಲ. ಇದನ್ನೂ ನಾವು ಸುದ್ದಿ ಮಾಡಿದ್ವಿ. ಆದರೆ ಅದು ಎಷ್ಟು ದಪ್ಪ ಅಕ್ಷರದಲ್ಲಿ ಇತ್ತು ಅಂತ ನನ್ನನ್ನ ಕೇಳಬೇಡಿ.

ಮಾವ ಇನ್ನೊಂದು ಪ್ರಶ್ನೆ ಕೇಳಿದ್ರು. "ಕೊರಟಗೆರೆಲಿ ಒಂದ್ ರೇಟು, ಶಿರಾದಲ್ಲಿ ಒಂದ್ ರೇಟು, ನಮ್ಮೂರಲ್ಲಿ ಒಂದು, ಪಾವಗಡದಲ್ಲಿ ಇನ್ನೊಂದು. ಅದೇ ಇಟ್ಟಿಗೆ, ಅದೇ ಸಿಮೆಂಟು. ಯಾಕಿಂಗೆ?"

ಇಂಜಿನಿಯರಿಂಗ್ ಓದಿದ್ದು ಇಂಥ ಹೊತ್ತಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ. ಒಂದು ಮನೆಯ ಬೆಲೆಯಲ್ಲಿ ಎರಡು ಭಾಗ ಇರುತ್ತೆ. ಒಂದು ಕಟ್ಟಡ, ಇನ್ನೊಂದು ಅದು ನಿಂತಿರೋ ನೆಲ. ಕಬ್ಬಿಣ, ಸಿಮೆಂಟು, ಗಾರೆ ಕೆಲಸದ ಕೂಲಿ ಈ ನಾಲ್ಕು ಊರಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಪೂರ್ತಿ ನೆಲದ್ದು. ನೆಲದ ಬೆಲೆಯಲ್ಲಿ ಇವತ್ತು ಅಲ್ಲಿ ಏನಿದೆ ಅನ್ನೋದು ಸ್ವಲ್ಪ, ನಾಳೆ ಏನು ಬರುತ್ತೆ ಅನ್ನೋ ನಂಬಿಕೆ ಬಹಳ. ಹಾಗಾಗಿ ಒಂದೊಂದೇ ಊರು ನೋಡೋಣ ಬನ್ನಿ.

ಕೊರಟಗೆರೆ. ತುಮಕೂರಿಗೆ ಹತ್ತಿರ, ಮುಕ್ಕಾಲು ಗಂಟೆಯ ದಾರಿ. ವಸಂತನರಸಾಪುರ ಕೈಗಾರಿಕಾ ಪ್ರದೇಶ ಇರೋದು ತುಮಕೂರು ತಾಲ್ಲೂಕಿನಲ್ಲಾದರೂ ಕೊರಟಗೆರೆಯವರಿಗೆ ಅದು ದೂರ ಅಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ಫುಡ್ ಪಾರ್ಕ್ ಉದ್ಘಾಟನೆ ಮಾಡಿದ್ದು ಅಲ್ಲೇ. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನಲ್ಲಿ ತುಮಕೂರಿನ ಹೆಸರೂ ಇದೆ. ಕಾರ್ಖಾನೆ ಅಂದ್ರೆ ಸಂಬಳ, ಸಂಬಳ ಅಂದ್ರೆ ಬಾಡಿಗೆ. ಇಲ್ಲಿ ರೇಟು ಏರಿದರೆ ಅದಕ್ಕೆ ಕಾಲಿಡೋಕೆ ಒಂದಿಷ್ಟು ಜಾಗ ಇದೆ.

ಶಿರಾ. ಬೆಂಗಳೂರು–ಪುಣೆ ಹೆದ್ದಾರಿ, ಅಂದ್ರೆ ಎನ್‌ಎಚ್ 48, ಊರ ಪಕ್ಕದಲ್ಲೇ ಹೋಗುತ್ತೆ. ಹುಳಿಯಾರು ಕಡೆಯಿಂದ ಮಧುಗಿರಿ, ಗೌರಿಬಿದನೂರಿಗೆ ಹೋಗೋ ಹೆದ್ದಾರಿಯೂ ಇಲ್ಲೇ ಹಾಯುತ್ತೆ. ಎರಡು ದಾರಿ ಸೇರೋ ಊರಿಗೆ ವ್ಯಾಪಾರ ತಾನಾಗೇ ಬರುತ್ತೆ. ಆದರೆ ನೀರು? 2020ರ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ನೀರು ಹರಿಸೋದೇ ದೊಡ್ಡ ಮಾತಾಗಿತ್ತು ಅನ್ನೋದನ್ನ ಶಿರಾದವರಿಗೆ ನಾನು ನೆನಪಿಸಬೇಕಿಲ್ಲ.

ಮಧುಗಿರಿ. ಏಕಶಿಲಾ ಬೆಟ್ಟದ ಊರು, ಉಪವಿಭಾಗದ ಕೇಂದ್ರ. ಎಸಿ ಕಚೇರಿ, ಕೋರ್ಟು, ಶೈಕ್ಷಣಿಕ ಜಿಲ್ಲೆಯ ಡಿಡಿಪಿಐ ಕಚೇರಿ ಎಲ್ಲ ಇದೆ. ಇಲ್ಲಿ ಮನೆ ಬಾಡಿಗೆಗೆ ಬರೋರು ನೌಕರರು, ಮೇಷ್ಟ್ರುಗಳು, ವಕೀಲರು. ಗಲಾಟೆ ಇಲ್ಲದ ಸ್ಥಿರವಾದ ಮಾರುಕಟ್ಟೆ. ಆದರೆ ಬ್ರೋಕರ್‌ಗಳು ಸೈಟ್ ಮಾರೋದು ನೌಕರರ ಹೆಸರು ಹೇಳಿ ಅಲ್ಲ, ರೈಲಿನ ಹೆಸರು ಹೇಳಿ. ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹೋಗೋ ತುಮಕೂರು–ರಾಯದುರ್ಗ ಮಾರ್ಗ ಮಂಜೂರಾಗಿದ್ದು 2007-08ರಲ್ಲಿ. ಉದ್ದ 207 ಕಿಲೋಮೀಟರ್. ಆ ವರ್ಷ ಹುಟ್ಟಿದ ಮಗು ಈಗ ವೋಟು ಹಾಕುತ್ತೆ. ರೈಲು ಮಾತ್ರ ಮಧುಗಿರಿಗೆ ಬಂದಿಲ್ಲ. ಆದರೆ "ಸ್ಟೇಷನ್‌ಗೆ ಹತ್ತಿರ" ಅಂತ ಸೈಟು ಮಾರೋದು ನಿಂತಿಲ್ಲ.

ಇನ್ನು ಪಾವಗಡ. ಮೂರು ಕಡೆ ಆಂಧ್ರ, ನಡುವೆ ನಮ್ಮ ತಾಲ್ಲೂಕು. ಮಳೆ ಕಡಿಮೆ, ಕೊಳವೆ ಬಾವಿಯಲ್ಲಿ ಫ್ಲೋರೈಡ್. ಒಂದು ಕಾಲಕ್ಕೆ ಈ ನೆಲ ಕೊಳ್ಳೋರೇ ಇರಲಿಲ್ಲ. ಆಮೇಲೆ ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. 2018ರ ಮಾರ್ಚ್ 1ರಂದು ಉದ್ಘಾಟನೆ ಆಯ್ತು, ಸಾಮರ್ಥ್ಯ 2,050 ಮೆಗಾವ್ಯಾಟ್. ಇಲ್ಲೊಂದು ವಿಶೇಷ ಇದೆ. ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳೀತು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಎಕರೆ ಅಂದ್ರೆ 43,560 ಚದರಡಿ. ಥರ್ಟಿ ಫಾರ್ಟಿ ಸೈಟು ಅಂದ್ರೆ 1,200 ಚದರಡಿ. 21,000 ರೂಪಾಯಿಯನ್ನ ಆ ಅಳತೆಗೆ ಇಳಿಸಿದರೆ, ಒಂದು ಸೈಟಿನಷ್ಟು ನೆಲ ವರ್ಷಕ್ಕೆ ದುಡಿಯೋದು ಹತ್ತಿರ ಹತ್ತಿರ 580 ರೂಪಾಯಿ. ತಿಂಗಳಿಗೆ 50 ರೂಪಾಯಿಯೂ ಇಲ್ಲ. ಹಳ್ಳಿ ಹೊಲಕ್ಕೂ ಊರೊಳಗಿನ ಸೈಟಿಗೂ ಹೋಲಿಕೆ ಸರಿಯಲ್ಲ ಅಂತೀರಾ? ಒಪ್ತೀನಿ. ರಸ್ತೆ, ಚರಂಡಿ, ದೀಪ, ನಲ್ಲಿ ಬಂದ್ರೆ ಬೆಲೆ ಏರಬೇಕು. ಆದರೆ ಹೊಲಕ್ಕೆ ನಾಲ್ಕು ಕಲ್ಲು ನೆಟ್ಟು, ಜೆಸಿಬಿಯಲ್ಲಿ ಎರಡು ಗೀಟು ಎಳೆದು, ಬಣ್ಣದ ಕಮಾನು ಕಟ್ಟಿದರೆ ಆ ನೆಲದ ದುಡಿಮೆ ಎಷ್ಟು ಏರಿತು? ಏರಿದ್ದು ರೇಟು ಮಾತ್ರ.

ಈ ಏರಿಕೆಗೆ ಕಾನೂನಿನ ಕಾರಣವೂ ಇದೆ. 2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯಲ್ಲಿ 79ಎ, 79ಬಿ ಸೆಕ್ಷನ್‌ಗಳು ಹೋದವು. ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಅಂತಾಯ್ತು. ಬೆಂಗಳೂರಲ್ಲಿ ಸೈಟು ಕೈಗೆಟುಕದವರು ನೆಲಮಂಗಲಕ್ಕೆ, ಅಲ್ಲೂ ಎಟುಕದವರು ತುಮಕೂರಿಗೆ, ಆಮೇಲೆ ನಮ್ಮ ಈ ನಾಲ್ಕು ತಾಲ್ಲೂಕಿಗೆ ಬಂದರು. ತಪ್ಪು ಅಂತ ಹೇಳ್ತಿಲ್ಲ. ಆದರೆ ಹೀಗೆ ಬಂದ ರೇಟು ಆ ಊರಿನ ಸಂಬಳ ನೋಡಿ ಹುಟ್ಟಿದ್ದಲ್ಲ. ಮಧುಗಿರಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡೋ ಹುಡುಗ ತನ್ನೂರಲ್ಲೇ ಸೈಟು ಕೊಳ್ಳೋಕಾಗದ ಸ್ಥಿತಿ ಬಂದಿದೆಯಲ್ಲ, ಅದು ಹೀಗೆ ಬಂದದ್ದು.

ಇನ್ನೊಂದು ಮುಖ್ಯವಾದ ವಿಷಯ. ನಮ್ಮಲ್ಲಿ ನೆಲಕ್ಕೆ ಎರಡು ಬೆಲೆ. ಒಂದು ಬಾಯಲ್ಲಿ, ಒಂದು ಪತ್ರದಲ್ಲಿ. ಮುದ್ರಾಂಕ ಶುಲ್ಕ ಶೇಕಡ 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇಕಡ 2 ಆಗಿದೆ. ಇದನ್ನ ಉಳಿಸೋಕೆ ಜನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರ್ಕಾರದ ಮಾರ್ಗಸೂಚಿ ದರವನ್ನಷ್ಟೇ ಬರೆಸ್ತಾರೆ, ಉಳಿದದ್ದು ಕೈಯಿಂದ ಕೈಗೆ. ಬುದ್ಧಿವಂತಿಕೆ ಅನಿಸುತ್ತೆ, ಅಲ್ವಾ?

ಬೈರಗೊಂಡ್ಲು ಕಡೆ ನೋಡಿ. ಎತ್ತಿನಹೊಳೆ ನೀರು ನಿಲ್ಲಿಸೋಕೆ ಅಲ್ಲೊಂದು ಜಲಾಶಯ ಅಂತ ಹೊರಟರು. ಮುಳುಗೋ ಜಮೀನು ಸ್ವಲ್ಪ ಕೊರಟಗೆರೆ ತಾಲ್ಲೂಕಿನದ್ದು, ಸ್ವಲ್ಪ ದೊಡ್ಡಬಳ್ಳಾಪುರ ತಾಲ್ಲೂಕಿನದ್ದು. ಒಂದೇ ನೀರು, ಒಂದೇ ಮುಳುಗಡೆ. ಆದರೆ ಪರಿಹಾರ ಬೇರೆ ಬೇರೆ. ಯಾಕೆ? 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಪರಿಹಾರದ ಲೆಕ್ಕ ಶುರುವಾಗೋದೇ ಮಾರ್ಗಸೂಚಿ ದರ ಮತ್ತು ಹಿಂದಿನ ಮೂರು ವರ್ಷದ ಕ್ರಯಪತ್ರಗಳಿಂದ. ದೊಡ್ಡಬಳ್ಳಾಪುರದ ಪತ್ರದಲ್ಲಿ ಬೆಲೆ ಜಾಸ್ತಿ, ಕೊರಟಗೆರೆಯ ಪತ್ರದಲ್ಲಿ ಕಡಿಮೆ. "ಅವರಿಗೆ ಕೊಟ್ಟಷ್ಟೇ ನಮಗೂ ಕೊಡಿ" ಅಂತ ಕೊರಟಗೆರೆ ರೈತರು ಹಿಡಿದ ಪಟ್ಟಿನಿಂದ ಕೆಲಸ ವರ್ಷಗಟ್ಟಲೆ ನಿಂತಿತು. ಬ್ರೋಕರ್ ಬಾಯಲ್ಲಿ ಎಷ್ಟೇ ರೇಟಿರಲಿ, ರೈತನ ನೆಲ ಹೋಗೋ ದಿನ ಸರ್ಕಾರ ನೋಡೋದು ಪತ್ರ. ಇವತ್ತು ಕೊಂಡವನು ಉಳಿಸಿದ ಶುಲ್ಕಕ್ಕೆ ನಾಳೆ ಪಕ್ಕದ ಹೊಲದವನು ದಂಡ ತೆರ್ತಾನೆ.

ಹಾಗಾದ್ರೆ ಬೆಲೆ ಸರಿಯಿದೆಯಾ ಇಲ್ಲವಾ ಅಂತ ತಿಳಿಯೋದು ಹೇಗೆ? ಒಂದು ಸುಲಭದ ಪರೀಕ್ಷೆ ಹೇಳ್ತೀನಿ. ಬಾಡಿಗೆ ನೋಡಿ. ಮಾತಿಗೆ, ಸೈಟು ಕಟ್ಟಡ ಸೇರಿ 40 ಲಕ್ಷದ ಮನೆಗೆ ತಿಂಗಳಿಗೆ 8,000 ಬಾಡಿಗೆ ಬಂದರೆ ವರ್ಷಕ್ಕೆ 96,000. ಅಂದ್ರೆ ಶೇಕಡ 2.4. ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಅದಕ್ಕಿಂತ ಜಾಸ್ತಿ ಸಿಗುತ್ತೆ. ಆ ವ್ಯತ್ಯಾಸ ಇದೆಯಲ್ಲ, ಅದೇ ನೀವು ಸುದ್ದಿಗೆ ಕೊಡ್ತಿರೋ ದುಡ್ಡು. ಬೆಲೆ ಎಷ್ಟು ಬೇಕಾದರೂ ಹೇಳಬಹುದು, ಬಾಡಿಗೆ ಹಾಗಲ್ಲ. ಬಾಡಿಗೆ ಕೊಡೋನು ತನ್ನ ಸಂಬಳದಿಂದ ಕೊಡ್ತಾನೆ, ಕನಸಿನಿಂದ ಕೊಡಲ್ಲ. ಜೊತೆಗೆ ಭೂಪರಿವರ್ತನೆ ಆದೇಶ, ಲೇಔಟ್ ಅನುಮೋದನೆ, ಇ-ಖಾತೆ ಅಥವಾ ಇ-ಸ್ವತ್ತು ಕೇಳಿ. "ಮುಂದಿನ ತಿಂಗಳು ಆಗುತ್ತೆ ಸರ್" ಅಂದ್ರೆ, ಮುಂದಿನ ತಿಂಗಳೇ ಅಡ್ವಾನ್ಸ್ ಕೊಡ್ತೀನಿ ಅನ್ನಿ.

ಮಾವನಿಗೂ ಇಷ್ಟೇ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ನಾನೇ ಕೇಳಿದೆ, "ಮಾವ, ಶಿರಾದಲ್ಲಿ ಮನೆ ಕಟ್ಟಿ ನೀವು ಅಲ್ಲಿ ಇರ್ತೀರಾ?"

"ಇಲ್ಲಪ್ಪಾ, ಈ ಬೆಟ್ಟ ಬಿಟ್ಟು ನಾನೆಲ್ಲಿಗೋಗ್ಲಿ."

"ಕಟ್ಟಿ ಬಾಡಿಗೆಗೆ ಕೊಟ್ರೆ ಯಾರು ಬರ್ತಾರೆ? ಊರಿಂದ ಎಷ್ಟು ದೂರ ಇದೆ ಆ ಸೈಟು?"

"ದೂರ ಐತೆ. ಸುತ್ತ ಯಾರೂ ಕಟ್ಟಿಲ್ಲ."

"ಮತ್ತೆ ಆ ಸೈಟನ್ನ ಯಾರಿಗೆ ಮಾರ್ತೀರಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. "ಇನ್ಯಾರಿಗೆ ಮಗಾ, ನನ್ನಂಗೆ ನಿನ್ ಟೀವಿ ನೋಡೋನಿಗೆ."

ವೀಕ್ಷಕರೇ, ಅವರು ನಕ್ಕರು, ನನಗೆ ನಗು ಬರಲಿಲ್ಲ. ಇನ್ನು ಮೇಲೆ ವಿಮಾನ, ರೈಲು, ಮೆಟ್ರೋ ಅಂತ ಸುದ್ದಿ ಓದುವಾಗ ಅದರ ಜೊತೆಗೆ ಒಂದು ಸಾಲು ಓದ್ತೀನಿ. ಇದು ಬೇಡಿಕೆಯೋ, ಸರ್ವೇಯೋ, ಮಂಜೂರಾತಿಯೋ, ಕೆಲಸ ಶುರುವಾಗಿದೆಯೋ ಅನ್ನೋ ಒಂದು ಸಾಲು. ಮರೆತರೆ ನೀವು ನೆನಪಿಸಿ. ನೀವೂ ಅಡ್ವಾನ್ಸ್ ಕೊಡೋ ಮುಂಚೆ ಅದೇ ಪ್ರಶ್ನೆಯನ್ನ ಬ್ರೋಕರ್‌ಗೆ ಕೇಳಿ.