ಸಿನಿಮಾದ ಸಾಹುಕಾರನ ಮಗ, ನಮ್ಮೂರಿನ ಸಾಕ್ಷಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)



‘ಸಿನಿಮಾ ಮತ್ತು ಸಮಾಜ’ ಎಂಬ ವಿಷಯದ ಮೇಲೆ ನಾಲ್ಕು ಮಾತಾಡಿರಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಸಿನಿಮಾ ಪಂಡಿತನಲ್ಲ. ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ಕೋರ್ಟುಗಳಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಹಾಗಾಗಿ ಸಿನಿಮಾದಲ್ಲಿ ಕೋರ್ಟಿನ ದೃಶ್ಯ ಬಂದರೆ ನನ್ನ ಕಣ್ಣು ಹೀರೋನ ಕಡೆ ಹೋಗುವುದಿಲ್ಲ, ಕಟಕಟೆಯಲ್ಲಿ ನಿಂತ ಸಾಕ್ಷಿಯ ಕಡೆ ಹೋಗುತ್ತದೆ. ಇವತ್ತು ಆ ಸಾಕ್ಷಿಯ ಬಗ್ಗೆಯೇ ಮಾತಾಡುತ್ತೇನೆ.

ಗಣಪತಿ ಹಬ್ಬಕ್ಕೆ ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದ ಕಾಲ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬೇಕು. ಮೂರು ಸಿನಿಮಾ ಹಾಕಿದರೆ ಎರಡರಲ್ಲಿ ಒಂದೇ ಕಥೆ. ಸಾಹುಕಾರನ ಮಗನೋ ಮಂತ್ರಿಯ ಮಗನೋ ತಪ್ಪು ಮಾಡುತ್ತಾನೆ. ಅಪ್ಪ ಫೋನ್ ಎತ್ತುತ್ತಾನೆ. ಪೊಲೀಸರು ಬಿಡುತ್ತಾರೆ. ಕೊನೆಗೆ ಹೀರೋ ಬಂದು ಹೊಡೆಯುತ್ತಾನೆ, ನಾವು ಸೀಟಿ ಹೊಡೆಯುತ್ತೇವೆ. ನೋಡಲು ಚಂದ. ಆದರೆ ಈ ಕಥೆ ನಮಗೆ ಒಂದು ಸೋಮಾರಿತನವನ್ನೂ ಕಲಿಸಿತು. ಅನ್ಯಾಯ ತಡೆಯಲು ಯಾರೋ ಹೀರೋ ಬರಬೇಕು, ನಮ್ಮದೇನಿದ್ದರೂ ನೋಡುವ ಕೆಲಸ ಎಂಬ ಭಾವನೆ ಮೂಡಿತು.

ಇದೇ ವಿಷಯವನ್ನು ಬೇರೆ ರೀತಿಯಲ್ಲಿ ಹೇಳಿದ ಕನ್ನಡ ಸಿನಿಮಾ ಶಂಕರ್‌ನಾಗ್ ನಿರ್ದೇಶಿಸಿದ ‘ಆ್ಯಕ್ಸಿಡೆಂಟ್’. 1985ರಲ್ಲಿ ಬಂತು, ಬರೆದವರು ವಸಂತ ಮೊಕಾಶಿ. ರಾತ್ರಿ ಹೊತ್ತು ಇಬ್ಬರು ಶ್ರೀಮಂತ ಹುಡುಗರು ಅಮಲಿನಲ್ಲಿ ಕಾರು ಓಡಿಸುತ್ತಾ ಫುಟ್‌ಪಾತಿನ ಮೇಲೆ ಮಲಗಿದ್ದ ಬಡವರ ಮೇಲೆ ಹರಿಸುತ್ತಾರೆ. ಅವರಲ್ಲೊಬ್ಬ ರಾಜಕಾರಣಿ ಧರ್ಮಾಧಿಕಾರಿಯ ಮಗ. ಅಪ್ಪನಿಗೆ ಚುನಾವಣೆ ಎದುರಿಗಿದೆ, ಪ್ರಕರಣ ಮುಚ್ಚಿಹೋಗಬೇಕು. ಆ ಅಪ್ಪನಾಗಿ ಅನಂತನಾಗ್, ಸತ್ಯದ ಬೆನ್ನು ಹತ್ತುವ ಪತ್ರಕರ್ತನಾಗಿ ತಮ್ಮ ಶಂಕರ್‌ನಾಗ್, ಬದುಕುಳಿದ ಕೂಲಿಯವನಾಗಿ ರಮೇಶ್ ಭಟ್ ಅಭಿನಯಿಸಿದ್ದಾರೆ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗುವ ಜನ ನಮ್ಮ ಸೀಮೆಯಲ್ಲೂ ಇದ್ದಾರೆ. ಆ ಫುಟ್‌ಪಾತಿನ ಜನ ನಮಗೆ ಬೇರೆಯವರಲ್ಲ.

ಈ ಚಿತ್ರ ಒಂದು ಮಾತನ್ನು ಸರಿಯಾಗಿ ಹಿಡಿದಿದೆ. ದುಡ್ಡು ತಾನೇ ಎದ್ದು ಬಂದು ಯಾರನ್ನೂ ಕಾಪಾಡುವುದಿಲ್ಲ, ಅದಕ್ಕೆ ಕೈಗಳು ಬೇಕು. ಕಾಗದ ತಿದ್ದಲು ಒಂದು ಕೈ, ಗಾಡಿ ಬಚ್ಚಿಡಲು ಒಂದು ಕೈ, ‘ಓಡಿಸಿದ್ದು ನಾನೇ’ ಎಂದು ತಪ್ಪು ಹೊರಲು ಒಬ್ಬ ಡ್ರೈವರ್, ಕಂಡದ್ದನ್ನು ಕಂಡಿಲ್ಲ ಎನ್ನಲು ನಾಲ್ಕು ಬಾಯಿ. ಸಾಹುಕಾರನ ಮಗ ಒಬ್ಬನೇ, ಅವನನ್ನು ಮುಚ್ಚಿಡುವವರು ಹತ್ತು ಜನ. ಆ ಹತ್ತರಲ್ಲಿ ಒಂಬತ್ತು ಜನ ಬಡವರೇ ಇರುತ್ತಾರೆ.

ಕೋರ್ಟಿನಲ್ಲಿ ನಾನು ಇಂಥವರನ್ನು ಬಹಳ ಕಂಡೆ. ಪಂಚನಾಮೆಗೆ ಸಹಿ ಮಾಡಿದವರು ವರ್ಷವಾದ ಮೇಲೆ ಕಟಕಟೆಗೆ ಬಂದು, “ಸಹಿ ನಂದ ಐತ್ರೀ, ಆದ್ರ ಅದರಾಗ ಏನ ಬರದಿತ್ತೋ ನಂಗ ಗೊತ್ತಿಲ್ರೀ” ಎನ್ನುತ್ತಿದ್ದರು. ವಕೀಲರು ‘ಸಾಕ್ಷಿ ಪ್ರತಿಕೂಲ’ ಎಂದು ಬರೆಸುತ್ತಿದ್ದರು. ಅಂಥವರನ್ನು ಸುಳ್ಳರು ಎಂದು ಬೈಯುವುದು ಸುಲಭ. ಆದರೆ ಒಬ್ಬನಿಗೆ ಅದೇ ಮನೆಯ ಹೊಲ ಲಾವಣಿಗೆ ಬೇಕು. ಇನ್ನೊಬ್ಬ ಮಗಳ ಮದುವೆಗೆ ಅಲ್ಲಿಯೇ ಸಾಲ ತಂದಿರುತ್ತಾನೆ. ಮತ್ತೊಬ್ಬ ನಾಳೆ ಅದೇ ಓಣಿಯಲ್ಲಿ ತಿರುಗಾಡಬೇಕು. ಸಾಲ ಇದ್ದವನ ಬಾಯಿಗೆ ಬೀಗ. ಸಿರಿವಂತಿಕೆಯ ನಿಜವಾದ ಬಲ ಇರುವುದು ಇಲ್ಲಿ. ಲಂಚ ಕೊಡಬೇಕೆಂದೇ ಇಲ್ಲ, ಜನ ಮೊದಲೇ ಋಣದಲ್ಲಿ ಇರುತ್ತಾರೆ.

ಪಟ್ಟಣದಲ್ಲೂ ಇದೇ ಕಥೆ. 1999ರಲ್ಲಿ ದೆಹಲಿಯಲ್ಲಿ ಜೆಸ್ಸಿಕಾ ಲಾಲ್ ಎಂಬ ತರುಣಿಯನ್ನು ಪ್ರಭಾವಿ ರಾಜಕಾರಣಿಯೊಬ್ಬರ ಮಗ ಗುಂಡಿಟ್ಟು ಕೊಂದ. ಸುತ್ತ ಜನರಿದ್ದರು. ಆದರೂ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು, 2006ರ ಫೆಬ್ರವರಿಯಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಜನ ಬೀದಿಗಿಳಿದರು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು, ಕದಲದೆ ನಿಂತ ಕೆಲವೇ ಸಾಕ್ಷಿಗಳ ಮಾತನ್ನು ನಂಬಿ ಜೀವಾವಧಿ ಶಿಕ್ಷೆ ಕೊಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮರುವರ್ಷ ಇದೇ ಕಥೆ ‘ನೋ ಒನ್ ಕಿಲ್ಡ್ ಜೆಸ್ಸಿಕಾ’ ಎಂಬ ಹಿಂದಿ ಸಿನಿಮಾ ಆಯಿತು. ಮಕ್ಕಳೇ, ಒಂದು ಮಾತು ನೆನಪಿಡಿ. ಇಂತಿಷ್ಟು ಸಾಕ್ಷಿಗಳು ಇರಲೇಬೇಕು ಎಂದು ನಮ್ಮ ಕಾನೂನು ಹೇಳುವುದಿಲ್ಲ. ನಂಬಿಕೆಗೆ ಅರ್ಹನಾದ ಒಬ್ಬನಿದ್ದರೂ ಸಾಕು.

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳು ವರ್ಷದ ಶ್ರೀಮಂತರ ಹುಡುಗನ ಕಾರಿಗೆ ಸಿಕ್ಕು ಇಬ್ಬರು ತರುಣ ಇಂಜಿನಿಯರರು ಸತ್ತರು. ಮೊದಲು ಸಿಕ್ಕ ಜಾಮೀನಿನ ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯುವುದು! ಇಲ್ಲಿ ಕನ್ನಡ ಮಾಸ್ತರರು ಕೊಡುವ ಪ್ರಬಂಧ ಅದಕ್ಕಿಂತ ಉದ್ದ ಇರುತ್ತದೆ. ರಕ್ತದ ಮಾದರಿ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು. ತಪ್ಪು ನಿನ್ನದೇ ಎಂದು ಒಪ್ಪಿಕೋ ಎಂದು ಮನೆಯ ಡ್ರೈವರನನ್ನು ಒತ್ತಾಯಿಸಿದ ಆರೋಪವೂ ಬಂತು. ಸುಮಾರು ನಲವತ್ತು ವರ್ಷದ ಹಿಂದೆ ಶಂಕರ್‌ನಾಗ್ ತೋರಿಸಿದ ಕೈಗಳು ಇವೇ.

ದೂರದ ಪುಣೆ ಎಂದು ಸುಮ್ಮನಾಗುವಂತಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಯ ಹುಡುಗರು ಬೈಕಿನ ಮೇಲೆ ತ್ರಿಬಲ್ ರೈಡ್ ಹೋಗುವುದನ್ನು ನಮ್ಮ ರಸ್ತೆಗಳಲ್ಲೇ ದಿನಾ ನೋಡುತ್ತೇವೆ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಇದೆ. ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ದವರು ತಮ್ಮ ಹೆಸರು ಹೇಳಲೇಬೇಕೆಂಬ ಬಲವಂತವೂ ಈಗ ಇಲ್ಲ. ಪಾಲಕರು ಇವೆರಡನ್ನೂ ತಿಳಿದಿರಬೇಕು.

ಮಗನ ತಪ್ಪು ಮುಚ್ಚುವ ಅಪ್ಪ ಮಗನಿಗೂ ಒಳ್ಳೆಯದು ಮಾಡುವುದಿಲ್ಲ. ನಮ್ಮ ಶಾಲೆ ಶುರುವಾದ 1974ರಲ್ಲೇ ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಬಂತು. ಗೊರೂರರ ಕಥೆ. ಅಪ್ಪನ ಆಸ್ತಿಯ ಜೊತೆಗೆ ಅಪ್ಪನ ಮೇಲಿನ ಊರಿನ ಸಿಟ್ಟೂ ಅಯ್ಯುವಿನ ಪಾಲಿಗೆ ಬರುತ್ತದೆ. ಆ ಹಗೆ ಕರಗಬೇಕಾದರೆ ಎಷ್ಟು ಮನೆ ನೋಯಬೇಕಾಯಿತು!

ಇನ್ನು ನಮ್ಮ ಶಿಗ್ಗಾಂವ ತಾಲೂಕಿನ ಬಾಡದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಹೇಳಿದ ನ್ಯಾಯ. ಅಕ್ಕಿ ದೊಡ್ಡವರ ಧಾನ್ಯ, ರಾಗಿ ಬಡವರದು. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಜಗಳ ಬಂದಾಗ ರಾಮ ಅಕ್ಕಿಯ ಕುಲ ನೋಡಲಿಲ್ಲ. ಇಬ್ಬರನ್ನೂ ಆರು ತಿಂಗಳು ಒಂದೇ ಸೆರೆಯಲ್ಲಿ ಇಡಿಸಿದ. ಅಕ್ಕಿ ಸೊರಗಿತು, ರಾಗಿ ಗಟ್ಟಿಯಾಗಿ ಉಳಿಯಿತು.

ಈ ಶಾಲೆ ಮಾಡಿದ್ದೂ ಅದನ್ನೇ. ಗೌಡರ ಮಗ, ಕೂಲಿಯವನ ಮಗ ಒಂದೇ ಬೆಂಚಿನ ಮೇಲೆ ಕುಳಿತರು. ಹೋಂವರ್ಕ್ ಮಾಡದಿದ್ದರೆ ಇಬ್ಬರಿಗೂ ಒಂದೇ ಶಿಕ್ಷೆ. ಈಗ ಉಳ್ಳವರ ಮಕ್ಕಳು ಹಳದಿ ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗುತ್ತಿದ್ದಾರೆ. ಜೊತೆಗೆ ಕೂಡದ ಮಕ್ಕಳು ನಾಳೆ ಒಬ್ಬರು ಕಾರಿನಲ್ಲಿ, ಒಬ್ಬರು ಫುಟ್‌ಪಾತಿನಲ್ಲಿ ಎದುರಾದಾಗ ಪರಸ್ಪರ ಗುರುತು ಹಿಡಿಯುವುದು ಹೇಗೆ? ನನ್ನನ್ನು ಕಾಡುವ ಪ್ರಶ್ನೆ ಇದು.

ಆದ್ದರಿಂದ ಉಳ್ಳವರಿಗೆ ಒಂದು ವಿನಂತಿ, ನಿಮ್ಮ ಮಕ್ಕಳನ್ನು ಈ ಅಂಗಳಕ್ಕೆ ಮರಳಿ ಕಳಿಸಿರಿ. ಮಕ್ಕಳಿಗೂ ಒಂದು ಮಾತು. ನಿಮ್ಮಲ್ಲಿ ಯಾರು ಪೊಲೀಸರಾಗುತ್ತೀರೋ, ದವಾಖಾನೆಯಲ್ಲಿ ಕೆಲಸ ಮಾಡುತ್ತೀರೋ, ಡ್ರೈವರ್ ಆಗುತ್ತೀರೋ ಗೊತ್ತಿಲ್ಲ. ಒಂದು ದಿನ ಯಾರೋ ಬಂದು, ‘ಸ್ವಲ್ಪ ಕೈ ಕೊಡು’ ಎಂದು ಕೇಳುತ್ತಾರೆ. ಆಗ ಆ ಕೈ ಯಾರನ್ನು ಮುಚ್ಚುತ್ತದೆ, ಯಾರನ್ನು ಎತ್ತುತ್ತದೆ ಎಂದು ಒಂದು ಕ್ಷಣ ಯೋಚಿಸಿರಿ.

ಶಾಲೆಗೆ ನೂರು ತುಂಬಲಿ.